ಹದಿಮೂರು ದಿನದ ಅಂತರ

ಮಿಡಿಗೇಶಿಯ ಕೇಂದ್ರದಲ್ಲಿ ನಲವತ್ತೆರಡು ಬಾವಿಗಳಿವೆ. ಒಂದರಲ್ಲೂ ನೀರಿಲ್ಲ. ಬೆಟ್ಟದ ಬುಡದಿಂದ ಎರಡು ಸಾಲಾಗಿ, ಗಟ್ಟಿ ಬಂಡೆಯಲ್ಲಿ ಹನ್ನೆರಡು ಅಡಿ ಆಳಕ್ಕೆ ಕೊರೆದ ಈ ಬಾವಿಗಳ ತಳದಲ್ಲಿ ಒಂದೊಂದು ಕಂಪನಮಾಪಕವನ್ನು ಕೂರಿಸಲಾಗಿದೆ. ಮಧುಗಿರಿ ರಸ್ತೆಯಲ್ಲಿ ಲಾರಿ ಹೋದರೂ ಅವಕ್ಕೆ ತಿಳಿಯುತ್ತದೆ, ಜಪಾನಿನಲ್ಲಿ ನೆಲ ನಡುಗಿದರೂ ತಿಳಿಯುತ್ತದೆ. ಎರಡನ್ನೂ ಬೇರ್ಪಡಿಸಿ ಓದುವುದು ದಾಕ್ಷಾಯಿಣಿಯ ಕೆಲಸ. 2100ರ ಮಾರ್ಚ್‌ನಲ್ಲಿ ಆಕೆಗೆ ನಲವತ್ತನಾಲ್ಕು ವರ್ಷ. ಕೆಲಸಕ್ಕೆ ಸೇರಿ ಹದಿನೈದು.

ಈ ಕೆಲಸ ಹುಟ್ಟಲು ಕಾರಣವಾದ ಸಂಗತಿ ಬಹಳ ಹಳೆಯದು. 1917ರ ಚಳಿಗಾಲದ ಕೊನೆಯಲ್ಲಿ ರಷ್ಯಾದ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ಹಿಟ್ಟಿನ ರೈಲುಗಳು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಬಂದವು. ರೊಟ್ಟಿಗಾಗಿ ಸಾಲು ನಿಂತಿದ್ದ ಹೆಂಗಸರು ರೊಟ್ಟಿ ತೆಗೆದುಕೊಂಡು ಮನೆಗೆ ಹೋದರು. ಕ್ರಾಂತಿಯಾಗದೆ ಬೀದಿಗಳು ತಣ್ಣಗಾದವು. ನಂತರದ ವರ್ಷಗಳಲ್ಲಿ ಅಧಿಕಾರವೆಲ್ಲ ಸಂಸತ್ತಿಗೆ ಹೋಯಿತು, ಝಾರ್ ದೊರೆಯ ಕಿರೀಟ ಮಾತ್ರ ಇದ್ದಲ್ಲೇ ಇತ್ತು. ಕಿರೀಟದ ಜೊತೆ ಚರ್ಚು ಉಳಿಯಿತು. ಚರ್ಚಿನ ಜೊತೆ ಅದರ ಹಳೆಯ ಪಂಚಾಂಗವೂ ಉಳಿಯಿತು. ಪ್ರಪಂಚದಲ್ಲಿ ಮಾರ್ಚ್ ಹದಿನೇಳು ಎಂದರೆ ಪೀಟರ್ಸ್‌ಬರ್ಗ್‌ನಲ್ಲಿ ಮಾರ್ಚ್ ನಾಲ್ಕು. ಹದಿಮೂರು ದಿನದ ಈ ಅಂತರಕ್ಕೆ ರಷ್ಯನ್ನರೂ ಒಗ್ಗಿದ್ದರು, ಅವರೊಡನೆ ವ್ಯವಹರಿಸುವವರೂ ಒಗ್ಗಿದ್ದರು.

ಆ ಸಾಮ್ರಾಜ್ಯಕ್ಕೂ ಪಶ್ಚಿಮ ದೇಶಗಳ ಅಟ್ಲಾಂಟಿಕ್ ಒಕ್ಕೂಟಕ್ಕೂ 2051ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಒಪ್ಪಂದವಾಯಿತು. ಅಣುಬಾಂಬುಗಳ ಪರೀಕ್ಷೆ ಬೇಡ. ಕಾಲುವೆ ತೋಡಲು, ಬೆಟ್ಟ ಒಡೆಯಲು ಅಣುಸ್ಫೋಟ ಮಾಡಬಹುದು, ಆದರೆ ದಿನಾಂಕವನ್ನು ತಿಂಗಳ ಮುಂಚೆ ಘೋಷಿಸಬೇಕು. ಘೋಷಿಸಿದ ದಿನ ಬಿಟ್ಟು ಬೇರೆ ದಿನ ಸಿಡಿಸಿದರೆ ಅದನ್ನು ಬಾಂಬೆಂದೇ ತಿಳಿಯಲಾಗುವುದು.

2083ರಲ್ಲಿ ಒಂದೇ ಅಲೆಯನ್ನು ಎರಡೂ ಕಡೆಯ ಯಂತ್ರಗಳು ಓದಿ, ಒಂದು ಭೂಕಂಪವೆಂದಿತು, ಇನ್ನೊಂದು ಬಾಂಬೆಂದಿತು. ಹನ್ನೊಂದು ದಿನ ಕ್ಷಿಪಣಿಗಳ ಮುಚ್ಚಳ ತೆರೆದೇ ಇದ್ದವು. ಭಾರತ ಯಾರ ಪಕ್ಷವೂ ಅಲ್ಲದಿದ್ದರೂ ತುಮಕೂರಿನ ಆಸ್ಪತ್ರೆಗಳನ್ನು ಖಾಲಿ ಮಾಡಿಸಲಾಯಿತು, ಆಂಬುಲೆನ್ಸ್‌ಗಳನ್ನೆಲ್ಲ ವಶಕ್ಕೆ ತೆಗೆದುಕೊಳ್ಳಲಾಯಿತು. ಒಂಬತ್ತನೆಯ ದಿನ ದಾಕ್ಷಾಯಿಣಿಯ ತಂದೆಗೆ ಎದೆನೋವು ಬಂತು. ಮಿಡಿಗೇಶಿಯಿಂದ ಮಧುಗಿರಿಗೆ ಟ್ರ್ಯಾಕ್ಟರಿನಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಯುದ್ಧ ಆಗಲೇ ಇಲ್ಲ. ಪತ್ರಿಕೆಗಳು ಸಾವುನೋವಿಲ್ಲ ಎಂದು ಬರೆದವು.

ಅದಾದ ಮೇಲೆ ನಿಯಮ ಬದಲಾಯಿತು. ತಟಸ್ಥ ದೇಶದ ಒಂದು ಕೇಂದ್ರದಲ್ಲಿ ಮನುಷ್ಯರ ಕಣ್ಣೇ ಅಲೆಯನ್ನು ಓದಬೇಕು. ಕಾಗದದ ಮೇಲೆ, ಪೆನ್ನಿನಲ್ಲಿ ಸಹಿ ಬೀಳಬೇಕು. ಅದಕ್ಕೆ ಮೂರು ಗಂಟೆ ಗಡುವು. ಆ ಮೂರು ಗಂಟೆ ಹೊರಗಿನ ಸಂಪರ್ಕವೆಲ್ಲ ಬಂದ್. ಎರಡೂ ಕಡೆಯಿಂದ ಒಬ್ಬೊಬ್ಬ ವೀಕ್ಷಕರು ಕೇಂದ್ರದಲ್ಲೇ ಇರಬೇಕು, ಆ ಅವಧಿಯಲ್ಲಿ ತುಟಿ ಬಿಚ್ಚಬಾರದು.

ರಷ್ಯಾದ ವೀಕ್ಷಕ ಪಾವೆಲ್ ಆಂದ್ರೆಯೆವಿಚ್ ಮಿಡಿಗೇಶಿಗೆ ಬಂದು ಆರು ವರ್ಷವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಯಾರೂ ಬಯಸದ ಈ ಹುದ್ದೆಯನ್ನು ತಾವೇ ಕೇಳಿ ಪಡೆದಿದ್ದರು. ಕೇಂದ್ರದ ವಸತಿಗೃಹದಲ್ಲಿ ಅವರ ಮನೆ ಮೂರನೆಯದು, ದಾಕ್ಷಾಯಿಣಿಯದು ನಾಲ್ಕನೆಯದು. ಮೊದಲ ತಿಂಗಳಲ್ಲೇ ದಾಕ್ಷಾಯಿಣಿಯ ತಾಯಿ ಗುರುಬಸಮ್ಮ ಆತನ ಹೆಸರನ್ನು ಪಾವಲಯ್ಯ ಎಂದು ಮಾಡಿಕೊಂಡಿದ್ದರು, ಆತ ಬರೀ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುವುದನ್ನು ಕಿಟಕಿಯಿಂದ ನೋಡಿ ಸಾರು ಕಳಿಸಲು ಶುರುಮಾಡಿದ್ದರು. ಪಾವಲಯ್ಯ ಕನ್ನಡ ಕಲಿತದ್ದು ಆ ಸಾರಿನ ಪಾತ್ರೆ ವಾಪಸು ಕೊಡಲು ಹೋಗಿ.

ಪಾತ್ರೆ ಖಾಲಿ ಕೊಡಬಾರದೆಂದು ಅವರಿಗೆ ಯಾರೋ ಹೇಳಿದ್ದರು. ಹಾಗಾಗಿ ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಊರಿನಿಂದ ತರಿಸಿದ ಒಂದು ದಪ್ಪ ಕ್ಯಾಲೆಂಡರನ್ನು ಗುರುಬಸಮ್ಮನಿಗೆ ಕೊಡುತ್ತಿದ್ದರು. ದಿನಕ್ಕೊಂದು ಹಾಳೆ ಹರಿಯುವಂಥದ್ದು. ಹಾಳೆಯ ನಡುವೆ ದೊಡ್ಡ ಅಂಕಿ, ಕೆಳಗೆ ರಷ್ಯನ್ ಅಕ್ಷರ, ಮೂಲೆಯಲ್ಲಿ ಪುಟ್ಟ ಚಂದ್ರ. ಅವರ ಹೊಸ ವರ್ಷ ಜನವರಿ ಹದಿನಾಲ್ಕಕ್ಕೆ ಬರುವುದನ್ನು ಕೇಳಿ ಗುರುಬಸಮ್ಮ ತಲೆದೂಗಿದ್ದರು. ಸಂಕ್ರಾಂತಿ ನೋಡಿಕೊಂಡು ವರ್ಷ ಶುರುಮಾಡುವ ಜನ ದಡ್ಡರಾಗಿರಲಾರರು ಎಂಬುದು ಅವರ ಅಭಿಪ್ರಾಯ. ಅಡುಗೆಮನೆಯ ಗೋಡೆಗೆ ಒಂಟಿಕೊಪ್ಪಲಿನ ಪಂಚಾಂಗವನ್ನು ನೇತುಹಾಕಿದ್ದ ಮೊಳೆಯ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆಸಿದರು. ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಒಂದು ಹಾಳೆ ಹರಿದು ತಂತಿಗೆ ಸಿಕ್ಕಿಸುವುದು ಅವರ ಪೂಜೆಯ ಕೊನೆಯ ಭಾಗವಾಯಿತು.

ಬುಧವಾರ, ಮಾರ್ಚ್ ಹದಿನೇಳರಂದು ಗುರುಬಸಮ್ಮ ಬೆಳಿಗ್ಗೆಯೇ ಬೇಳೆ ಬೇಯಲಿಟ್ಟರು. ಪಾವಲಯ್ಯನ ಹುಟ್ಟುಹಬ್ಬ. ಮೊದಲ ವರ್ಷ ಅವರೇ ಹೇಳಿದ್ದರು, ನಿಮ್ಮ ಲೆಕ್ಕದಲ್ಲಿ ಹದಿನೇಳು ಎಂದು. ನಕ್ಷತ್ರ ಯಾವುದೆಂದು ಕೇಳಿದ್ದಕ್ಕೆ ಗೊತ್ತಿಲ್ಲವೆಂದಿದ್ದರು. ಪಾಪ, ನಕ್ಷತ್ರವೇ ಇಲ್ಲದೆ ಹುಟ್ಟಿದವನಿಗೆ ಒಬ್ಬಟ್ಟನ್ನಾದರೂ ಮಾಡೋಣ ಎಂದು ಅಂದಿನಿಂದ ಪ್ರತಿ ವರ್ಷ ಮಾಡುತ್ತಿದ್ದರು. ಈ ಸಲ ಎಪ್ಪತ್ತು ತುಂಬುವುದರಿಂದ ಹೂರಣಕ್ಕೆ ಏಲಕ್ಕಿ ಎರಡು ಹೆಚ್ಚಾಗಿಯೇ ಬಿತ್ತು.

ಸಂಜೆ ಪಾವಲಯ್ಯ ಬಂದರು. ಎಂದಿನ ಕಂದು ಸ್ವೆಟರು. ಗುರುಬಸಮ್ಮ ಬಾಗಿಲಲ್ಲೇ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕಯ್ಯಾ, ಹೆಂಡ್ತಿ ಹೊಲಿದ ಅಂಗಿ ಎಲ್ಲಿ? ಹೋದ ವರ್ಷ ಹಾಕ್ಕಂಡಿದ್ದಲ್ಲ."

ಕೊರಳಪಟ್ಟಿಯ ಸುತ್ತ ಕೆಂಪು ಕಸೂತಿಯಿದ್ದ ಬಿಳಿ ಅಂಗಿ ಅದು. ಹೆಂಡತಿ ಕೊನೆಯದಾಗಿ ಹೊಲಿದದ್ದು. ಹುಟ್ಟುಹಬ್ಬದ ದಿನ ಬಿಟ್ಟು ಬೇರೆ ದಿನ ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲ. ಪಾವಲಯ್ಯ ಒಲೆಯ ಕಡೆ ನೋಡಿದರು. ಕಾವಲಿಯ ಮೇಲೆ ಒಬ್ಬಟ್ಟು ಉಬ್ಬುತ್ತಿತ್ತು, ಎಲೆ ಹಾಕಿಯಾಗಿತ್ತು, ತುಪ್ಪ ಕರಗಿಸಿಟ್ಟಿತ್ತು.

"ಒಗೆದು ಹಾಕಿದೀನಿ ಅವ್ವ. ಒಣಗಿಲ್ಲ," ಎಂದರು.

ಮಾರ್ಚ್ ತಿಂಗಳ ಮಿಡಿಗೇಶಿಯಲ್ಲಿ ಅಂಗಿ ಒಣಗಲು ಅರ್ಧ ಗಂಟೆ ಸಾಕು. ದಾಕ್ಷಾಯಿಣಿಗೆ ಅದು ಹೊಳೆಯಿತು, ಆದರೆ ಕೇಳಲಿಲ್ಲ. ಹೆಂಡತಿಯ ನೆನಪು ಹೆಚ್ಚಾಗಿ ಹಾಕಿಕೊಳ್ಳಲಾಗಿಲ್ಲವೇನೋ ಎಂದುಕೊಂಡಳು. ಪಾವಲಯ್ಯ ನಾಲ್ಕು ಒಬ್ಬಟ್ಟು ತಿಂದರು, ಸಾರನ್ನು ಹೀರಿ ಕುಡಿದರು, ಗುರುಬಸಮ್ಮನ ಕಾಲಿಗೆ ನಮಸ್ಕರಿಸಲು ಬಗ್ಗಿ ಸೊಂಟ ಹಿಡಿದುಕೊಂಡರು. ತಾಯಿಯೂ ಮಗಳೂ ಸೇರಿ ಎತ್ತಿ ನಿಲ್ಲಿಸಬೇಕಾಯಿತು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಅಲೆ ಬಂತು.

ಭೂಕಂಪದಲ್ಲಿ ಬಂಡೆ ಒಂದರ ಮೇಲೊಂದು ಜಾರುವುದರಿಂದ ನೆಲ ಒಂದು ದಿಕ್ಕಿಗೆ ತಳ್ಳಿಸಿಕೊಳ್ಳುತ್ತದೆ, ಇನ್ನೊಂದು ದಿಕ್ಕಿಗೆ ಎಳೆಸಿಕೊಳ್ಳುತ್ತದೆ. ಸ್ಫೋಟಕ್ಕೆ ದಿಕ್ಕಿಲ್ಲ, ಅದು ಎಲ್ಲ ಕಡೆಗೂ ತಳ್ಳುತ್ತದೆ, ಆದ್ದರಿಂದ ಎಲ್ಲಿ ನಿಂತು ನೋಡಿದರೂ ಅದರ ಮೊದಲ ಹೆಜ್ಜೆ ಮೇಲಕ್ಕೇ. ಹಿಂದೆ ಬರುವ ನಿಧಾನದ ಅಲೆಗಳು ಭೂಕಂಪದಲ್ಲಿ ದೊಡ್ಡವು, ಸ್ಫೋಟದಲ್ಲಿ ಬಡಕಲು. ದಾಕ್ಷಾಯಿಣಿ ನಲವತ್ತೆರಡು ಗೆರೆಗಳನ್ನೂ ಭೂತಗನ್ನಡಿಯಲ್ಲಿ ನೋಡಿದಳು. ಎಲ್ಲದರ ಮೊದಲ ಹೆಜ್ಜೆಯೂ ಮೇಲಕ್ಕೆ. ಹಿಂದಿನ ಅಲೆಗಳು ಬರುವವರೆಗೆ ಕಾದಳು. ಬಡಕಲಾಗಿಯೇ ಬಂದವು. ದಿಕ್ಕು ಉತ್ತರ, ಸೈಬೀರಿಯದ ಯೆನಿಸೇ ನದಿಯ ಸಮೀಪ. ಅಲ್ಲಿಂದ ಇಲ್ಲಿಗೆ ಬರಲು ಅಲೆಗೆ ಎಂಟೂವರೆ ನಿಮಿಷ ಹಿಡಿದಿತ್ತು.

ಸ್ಫೋಟವೆಂದು ಬರೆದು ಸಹಿ ಮಾಡಿದಳು. ಅದರ ಮೇಲೆಯೇ ಘೋಷಣೆಯ ಲಕೋಟೆ ಒಡೆಯಬೇಕು. ಓದುವವರ ಕಣ್ಣಿಗೆ ದಿನಾಂಕ ಮೊದಲೇ ಬೀಳಬಾರದೆಂದು ಲಕೋಟೆಗಳು ಕೇಂದ್ರದ ಮುಖ್ಯಸ್ಥ ಹನುಮಂತರಾಯಪ್ಪನವರ ಕಪಾಟಿನಲ್ಲಿರುತ್ತಿದ್ದವು. ಅವರು ಒಡೆದು ಓದಿದರು. ಯೆನಿಸೇ ಕಾಲುವೆ, ಮೂರನೆಯ ಹಂತ, ಮಾರ್ಚ್ ಹದಿನೇಳು.

"ನೆನ್ನೆ," ಎಂದರು ಹನುಮಂತರಾಯಪ್ಪ.

ಅವರ ಮುಂದಿದ್ದ ನಮೂನೆಯಲ್ಲಿ ಎರಡು ಪದಗಳಿದ್ದವು: ಘೋಷಿತ, ಅಘೋಷಿತ. ಒಂದನ್ನು ಹೊಡೆದುಹಾಕಬೇಕು. ಒಂದು ದಿನ ತಡವಾಯಿತೆನ್ನುವ ಸಬೂಬಿಗೆ ಒಪ್ಪಂದದಲ್ಲಿ ಜಾಗವಿರಲಿಲ್ಲ; ತಡವಾದರೆ ಹೊಸ ಘೋಷಣೆ ಬೇಕು. ಅಘೋಷಿತ ಎಂಬ ಪದ ಟ್ರಿಯೆಸ್ಟ್ ತಲುಪಿದ ಗಂಟೆಯೊಳಗೆ ಅಟ್ಲಾಂಟಿಕ್ ಒಕ್ಕೂಟದ ಜಲಾಂತರ್ಗಾಮಿಗಳು ಹೊರಡುತ್ತವೆ, ಅದನ್ನು ಕಂಡು ರಷ್ಯಾದ ಕ್ಷಿಪಣಿಗಳ ಮುಚ್ಚಳ ತೆರೆಯುತ್ತವೆ. ಎರಡೂ ಕಡೆ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ವೀಕ್ಷಕರು ಅಂದೇ ಊರು ಬಿಡಬೇಕು. ಗಡುವು ಎರಡು ನಲವತ್ತೆರಡು. ಗೋಡೆ ಗಡಿಯಾರದಲ್ಲಿ ಒಂದಾಗಲು ಹತ್ತು ನಿಮಿಷವಿತ್ತು.

ದಾಕ್ಷಾಯಿಣಿಯ ಕಣ್ಣ ಮುಂದೆ ಬಂದದ್ದು ಮಧುಗಿರಿ ರಸ್ತೆ, ಟ್ರ್ಯಾಕ್ಟರಿನ ಟ್ರೈಲರು, ಅಪ್ಪನ ತಲೆಯ ಕೆಳಗೆ ಮಡಿಸಿಟ್ಟ ಗೋಣಿಚೀಲ. ಆಕೆ ಅದನ್ನು ಬದಿಗೆ ಸರಿಸಲು ತಲೆಯೆತ್ತಿದಳು. ಎದುರಿನ ಬೆಂಚಿನಲ್ಲಿ ವೀಕ್ಷಕರಿಬ್ಬರೂ ಕೂತಿದ್ದರು. ಅಟ್ಲಾಂಟಿಕ್ ಕಡೆಯ ಕುಮಾರಿ ಎಲ್ಸ್‌ವರ್ತ್, ಮೂವತ್ತರ ತರುಣಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಆಕೆಯ ಪಕ್ಕದಲ್ಲಿ ಪಾವಲಯ್ಯ. ಲಕೋಟೆಯಲ್ಲಿದ್ದ ದಿನಾಂಕ ಅವರಿಗೂ ಈಗಷ್ಟೇ ಗೊತ್ತಾಗಿತ್ತು. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಅವರು ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ತಮ್ಮ ದೇಶದ ಪರ ಒಂದಕ್ಷರ ಆಡಿದರೂ ಪ್ರಮಾಣಪತ್ರ ಅಸಿಂಧು.

ಅವರ ಮೈಮೇಲೆ ಬಿಳಿ ಅಂಗಿಯಿತ್ತು. ಕೊರಳ ಸುತ್ತ ಕೆಂಪು ಕಸೂತಿ.

ದಾಕ್ಷಾಯಿಣಿ ಅದನ್ನೇ ನೋಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಅವರು ಒಳಗೆ ಬಂದದ್ದೂ ಅದೇ ಅಂಗಿಯಲ್ಲಿ. ಆಗ ಯಾವ ಅಲೆಯೂ ಬಂದಿರಲಿಲ್ಲ, ಹಾಗಾಗಿ ಅದು ಸನ್ನೆಯಾಗಲಾರದು. ಒಣಗಿತೇನೋ, ಅದಕ್ಕೇ ಇವತ್ತು ಹಾಕಿಕೊಂಡಿದ್ದಾರೆ ಎಂದುಕೊಂಡಳು. ಆದರೆ ಹುಟ್ಟುಹಬ್ಬ ಕಳೆದ ಮೇಲೆ ಆ ಅಂಗಿ ಹಾಕುವ ಮನುಷ್ಯರಲ್ಲ ಅವರು. ಇವತ್ತೇ ಅವರ ಹುಟ್ಟುಹಬ್ಬವಾಗಿದ್ದರೆ?

ಆಕೆ ಕಾಗದ ಎಳೆದುಕೊಂಡು ಬರೆಯತೊಡಗಿದಳು. ಶಾಲೆಯಲ್ಲಿ ಕಲಿತ ನಿಯಮ: ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಶತಮಾನದ ವರ್ಷ ಮಾತ್ರ ನಾನೂರರಿಂದ ಭಾಗವಾಗಬೇಕು, ಇಲ್ಲದಿದ್ದರೆ ಇಪ್ಪತ್ತೆಂಟೇ. 2000 ಭಾಗವಾಗಿತ್ತು. 2100 ಭಾಗವಾಗುವುದಿಲ್ಲ, ಆದ್ದರಿಂದ ಈ ವರ್ಷ ಇಪ್ಪತ್ತೊಂಬತ್ತು ಬರಲಿಲ್ಲ. ರಷ್ಯಾದ ಹಳೆಯ ಪಂಚಾಂಗಕ್ಕೆ ಆ ಎರಡನೆಯ ನಿಯಮವೇ ಇಲ್ಲ. ಅವರಿಗೆ ಇಪ್ಪತ್ತೊಂಬತ್ತು ಬಂದಿದೆ. ಅಂದರೆ ಅವರ ಮಾರ್ಚ್ ಒಂದರಿಂದ ಅಂತರ ಹದಿಮೂರಲ್ಲ, ಹದಿನಾಲ್ಕು.

ಈ ಅಂತರ ಹಿಂದೆ ಬದಲಾದದ್ದು 1900ರಲ್ಲಿ. ಇನ್ನೂರು ವರ್ಷ ಅಲ್ಲಾಡದೆ ಕೂತಿತ್ತು. ಅಲ್ಲಾಡಿದ್ದನ್ನು ಕಂಡವರು ಯಾರೂ ಬದುಕಿರಲಿಲ್ಲ. ಒಪ್ಪಂದ ಬರೆದವರು ಮೂರನೆಯ ಅನುಬಂಧದಲ್ಲಿ, ರಷ್ಯಾದ ದಿನಾಂಕಕ್ಕೆ ಹದಿಮೂರು ಕೂಡಿಸತಕ್ಕದ್ದು ಎಂದು ಬರೆದು ಮುಂದೆ ಹೋಗಿದ್ದರು. ಲಕೋಟೆಯ ಹದಿನೇಳರಿಂದ ಆ ಹದಿಮೂರು ಕಳೆದರೆ, ಪೀಟರ್ಸ್‌ಬರ್ಗ್ ಘೋಷಿಸಿದ್ದು ಮಾರ್ಚ್ ನಾಲ್ಕು. ಟ್ರಿಯೆಸ್ಟ್‌ನ ಗುಮಾಸ್ತರು ಹದಿಮೂರು ಕೂಡಿಸಿ ಹದಿನೇಳು ಎಂದು ಲಕೋಟೆಯಲ್ಲಿಟ್ಟಿದ್ದರು. ಹದಿನಾಲ್ಕು ಕೂಡಿಸಿದ್ದರೆ ಇವತ್ತಿನ ಹದಿನೆಂಟೇ ಬರುತ್ತಿತ್ತು.

ಹನುಮಂತರಾಯಪ್ಪ ಆ ಕಾಗದವನ್ನು ಮೂರು ಸಲ ಓದಿದರು. ನಿವೃತ್ತಿಗೆ ಎರಡು ವರ್ಷವಿದ್ದ, ಜೀವಮಾನದಲ್ಲಿ ನಿಯಮ ಮೀರದ ಮನುಷ್ಯ.

"ಅನುಬಂಧದಲ್ಲಿ ಹದಿಮೂರು ಅಂತಿದೆಯಲ್ಲಮ್ಮ. ಅದಕ್ಕೆ ಸಹಿ ಹಾಕಿದೋರು ಎಂಥೆಂಥೋರು. ತಿದ್ದೋಕೆ ನಾವು ಯಾರು?"

"ತಿದ್ದೋದು ಬೇಡ ಸರ್. ನಮ್ಮ ಕೆಲಸ ಕಂಡದ್ದನ್ನ ಬರೆಯೋದು. ಇವತ್ತು ಅವರ ಊರಲ್ಲಿ ಎಷ್ಟನೇ ತಾರೀಖು ಅಂತ ನೋಡಿ, ಅಷ್ಟನ್ನ ಮಾತ್ರ ಬರೆಯೋಣ."

ನೋಡುವುದು ಎಲ್ಲಿ? ಹೊರಗಿನ ಸಂಪರ್ಕ ಬಂದ್. ಕೇಂದ್ರದ ಕಪಾಟಿನಲ್ಲಿದ್ದ ಕೋಷ್ಟಕಗಳೆಲ್ಲ ಅದೇ ಅನುಬಂಧದಿಂದ ಮುದ್ರಿಸಿದವು. ಪಾವಲಯ್ಯನ ಕೋಣೆಯಲ್ಲಿ ಕ್ಯಾಲೆಂಡರ್ ಇದ್ದೇ ಇತ್ತು, ಆದರೆ ಅದು ಕಕ್ಷಿದಾರರ ಸ್ವತ್ತು, ಪುರಾವೆಯಾಗಿ ನಡೆಯದು. ತಟಸ್ಥ ದೇಶದ ಪ್ರಜೆಯೊಬ್ಬರ ಕೈಲಿರುವ, ಈ ಜಗಳಕ್ಕೆ ಮೊದಲೇ ಮುದ್ರಣವಾದ ಕಾಗದ ಬೇಕಿತ್ತು.

ದಾಕ್ಷಾಯಿಣಿ ವಸತಿಗೃಹಕ್ಕೆ ಹೋಗುವ ಒಳ ದೂರವಾಣಿಯನ್ನು ಎತ್ತಿಕೊಂಡಳು. ಹನುಮಂತರಾಯಪ್ಪ ಬೇಡವೆನ್ನಲಿಲ್ಲ.

"ಅವ್ವಾ, ಪಾವಲಯ್ಯ ಕೊಟ್ಟ ಕ್ಯಾಲೆಂಡರಲ್ಲಿ ಇವತ್ತು ಎಷ್ಟೈತೆ ನೋಡು."

"ನಾಕು. ಬೆಳಿಗ್ಗೆ ತಾನೆ ಮೂರು ಹರಿದೆ. ಯಾಕೆ, ಊಟಕ್ಕೆ ಬರಲ್ವಾ?"

"ಮಧ್ಯೆ ಒಂದಿನ ಹರಿಯೋದು ಮರೆತಿಲ್ಲ ತಾನೆ?"

ಗುರುಬಸಮ್ಮನ ದನಿ ಗಡುಸಾಯಿತು. "ವಿಭೂತಿ ಹಚ್ಚೋದು ಮರೆತೇನು, ಅದು ಮರೆಯಲ್ಲ. ಎಲ್ಲ ಹಾಳೇನೂ ತಂತೀಲಿ ಐತೆ."

ಫೆಬ್ರವರಿಯಲ್ಲಿ ಇಪ್ಪತ್ತೊಂಬತ್ತು ಇದೆಯೇ ಎಂದು ದಾಕ್ಷಾಯಿಣಿ ಕೇಳಿದಳು. ಆ ಕಡೆ ಹಾಳೆಗಳನ್ನು ತಿರುವುವ ಸದ್ದು ಕೇಳಿತು. ಆಮೇಲೆ ಗುರುಬಸಮ್ಮ ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು: ಅದೊಂದು ಹಾಳೆ ತಂತಿಯಲ್ಲಿಲ್ಲ. ಸೋಮವಾರ ಹರಿದದ್ದು. ಅವತ್ತು ಮಠದಿಂದ ತಂದ ವಿಭೂತಿ ಉಂಡೆ ಒಡೆದುಹೋಗಿ, ಪುಡಿಯನ್ನು ಅದರಲ್ಲೇ ಪೊಟ್ಟಣ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರು.

ಕಾಲು ಗಂಟೆಯ ಮೇಲೆ ಕೇಂದ್ರದ ಬಾಗಿಲಲ್ಲಿ ಎಪ್ಪತ್ತೇಳು ವರ್ಷದ ಗುರುಬಸಮ್ಮ ನಿಂತಿದ್ದರು. ಒಂದು ಕೈಯಲ್ಲಿ ಹಾಳೆಗಳ ತಂತಿ, ಇನ್ನೊಂದರಲ್ಲಿ ಪೊಟ್ಟಣ, ಕಂಕುಳಲ್ಲಿ ಉಳಿದ ಕ್ಯಾಲೆಂಡರು. ಕಾವಲುಗಾರ ಒಳಗೆ ಬಿಡುವಂತಿಲ್ಲ. ಹನುಮಂತರಾಯಪ್ಪ ಒಂದು ತಟ್ಟೆ ಹಿಡಿದು ತಾವೇ ಹೊರಗೆ ಹೋದರು. ಗುರುಬಸಮ್ಮ ಪೊಟ್ಟಣ ಬಿಚ್ಚಿ ಪುಡಿಯನ್ನು ಸೆರಗಿನ ತುದಿಗೆ ಸುರುವಿಕೊಂಡು ಗಂಟು ಹಾಕಿದರು, ಹಾಳೆಯನ್ನು ಅಂಗೈಯಲ್ಲಿ ತೀಡಿ ನೇರ ಮಾಡಿ ತಟ್ಟೆಯಲ್ಲಿಟ್ಟರು. ಹಾಗೇ ಕಿಟಕಿಯೊಳಗೆ ಇಣುಕಿದಾಗ ಬೆಂಚಿನ ಮೇಲಿನ ಬಿಳಿ ಅಂಗಿ ಅವರ ಕಣ್ಣಿಗೆ ಬಿತ್ತು.

ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಲಾಯಿತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಒಂದು, ಎರಡು, ಮೂರು. ಪಕ್ಕದಲ್ಲಿ ಹರಿಯದ ನಾಲ್ಕು. ಹೊರಗಿನವರ ಪುರಾವೆಯನ್ನು ನೋಡಿದ್ದೇವೆಂದು ವೀಕ್ಷಕರಿಬ್ಬರೂ ಸಹಿ ಮಾಡಬೇಕು. ಒಬ್ಬರು ಒಲ್ಲೆನೆಂದರೂ ಅದು ಕಸದ ಬುಟ್ಟಿಗೆ. ಪಾವಲಯ್ಯ ಎದ್ದು ಬಂದು ಸಹಿ ಮಾಡಿದರು. 

ಎಲ್ಸ್‌ವರ್ತ್ ಕೂಡಲೇ ಮಾಡಲಿಲ್ಲ. ಅವಳ ಮೇಲಧಿಕಾರಿಗಳಿಗೆ ಅನುಬಂಧದ ಹದಿಮೂರು ಸಾಕಿತ್ತು. ಸಹಿ ಮಾಡದಿದ್ದರೆ ಅವಳನ್ನು ಯಾರೂ ತಪ್ಪೆನ್ನುವಂತಿರಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಪೆನ್ಸಿಲ್ ತೆಗೆದುಕೊಂಡು 2100ನ್ನು ನಾನೂರರಿಂದ ಭಾಗಿಸಿದಳು. ಶೇಷ ನೂರು ಉಳಿಯಿತು. ಅದರ ಕೆಳಗೆ ಗೆರೆ ಎಳೆದು ಇನ್ನೊಮ್ಮೆ ಭಾಗಿಸಿದಳು. ಇಪ್ಪತ್ತೊಂಬತ್ತರ ಹಾಳೆಯ ಪುಡಿ ಬೆರಳಿಗೆ ಅಂಟಿತ್ತು, ಅದನ್ನು ಒರೆಸಿಕೊಳ್ಳದೆಯೇ ಪೆನ್ನು ಹಿಡಿದು ಸಹಿ ಮಾಡಿ ತನ್ನ ಜಾಗಕ್ಕೆ ಹೋಗಿ ಕೂತಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಹನುಮಂತರಾಯಪ್ಪ ಅಘೋಷಿತ ಎಂಬ ಪದದ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರು. ಕೆಳಗೆ ದಾಕ್ಷಾಯಿಣಿ ಬರೆದ ಎರಡು ಸಾಲು: ಘೋಷಿಸಿದ ದಿನ ರಷ್ಯಾದ ಮಾರ್ಚ್ ನಾಲ್ಕು. ಸ್ಫೋಟವಾದ ದಿನ ರಷ್ಯಾದ ಮಾರ್ಚ್ ನಾಲ್ಕು, ಹಾಳೆಗಳನ್ನು ಲಗತ್ತಿಸಿದೆ.

ಟ್ರಿಯೆಸ್ಟ್‌ನಿಂದ ಉತ್ತರ ಬಂದದ್ದು ಮೂರೂಕಾಲಿಗೆ. ಸ್ವೀಕರಿಸಲಾಗಿದೆ, ಅನುಬಂಧ ತಿದ್ದಲಾಗುವುದು ಎಂದಷ್ಟೇ ಇತ್ತು. ಹನುಮಂತರಾಯಪ್ಪ ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ಯಾರಿಗೋ ಎಂಬಂತೆ ಊಟ ಮಾಡಿ ಎಂದರು.

ಪಾವಲಯ್ಯ ಈಗ ಮಾತಾಡಬಹುದಿತ್ತು. ಮನೆ ಕಡೆ ನಡೆಯುವಾಗ, ಹದಿನೈದನೆಯ ಬಾವಿಯ ಹತ್ತಿರ, ದಾಕ್ಷಾಯಿಣಿಯೇ ಕೇಳಿದಳು: ನೆನ್ನೆ ಯಾಕೆ ಹೇಳಲಿಲ್ಲ?

"ಬೇಳೆ ಬೆಂದಿತ್ತು, ತುಪ್ಪ ಕರಗಿತ್ತು. ಅವ್ವ ಬೆಳಿಗ್ಗೆಯಿಂದ ನಿಂತಿದ್ದರು," ಎಂದರು ಪಾವಲಯ್ಯ. "ನಾಳೆ ಬನ್ನಿ ಅಂತ ಹೇಗೆ ಹೇಳಲಿ?"

ಗುರುಬಸಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. ಅವರಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಕ್ಷಿಪಣಿಗಳ ವಿಷಯ ಮಗಳು ಹೇಳಲು ಹೊರಟರೂ ಅದನ್ನು ಪೂರ್ತಿ ಕೇಳಲಿಲ್ಲ.

"ನಮಗೆ ಹೋದ ವರ್ಷ ಒಂದು ಶ್ರಾವಣವೇ ಹೆಚ್ಚಿಗೆ ಬಂತು. ಎರಡೆರಡು ಶ್ರಾವಣ ಮಾಡಿದ್ವಿ, ಏನು ಜಗಳ ಆಯ್ತಾ? ಇನ್ನೂರು ವರ್ಷಕ್ಕೆ ಒಂದಿನ ಹೆಚ್ಚು ಬಂದಿದ್ದಕ್ಕೆ ಇಷ್ಟೊಂದು ರಂಪ." ಆಮೇಲೆ ಪಾವಲಯ್ಯನ ಕಡೆ ತಿರುಗಿದರು. "ನೀನು ಅಂಗಿ ಒಣಗಿಲ್ಲ ಅಂದೆಯಲ್ಲಯ್ಯ. ನನ್ನ ಹತ್ರ ಸುಳ್ಳು ಹೇಳ್ತೀಯಾ, ಅದೂ ಎಪ್ಪತ್ತು ವರ್ಷಕ್ಕೆ?"

"ನೆನ್ನೆ ಅರವತ್ತೊಂಬತ್ತೇ ಇತ್ತು ಅವ್ವ," ಎಂದರು ಪಾವಲಯ್ಯ.

ಗುರುಬಸಮ್ಮ ನಗದಿರಲು ಪ್ರಯತ್ನಿಸಿದರು. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ವಿಭೂತಿ ತೆಗೆದು, ಕಾಲಿಗೆ ಬೀಳುವ ಕಷ್ಟ ಬೇಡವೆಂದು ತಾವೇ ಕೈ ಎತ್ತಿ ಅವರ ಹಣೆಗೆ ಇಟ್ಟ ಮೇಲೆ ಒಳಗೆ ಕರೆದರು. ಉಳಿದ ಹೂರಣಕ್ಕೆ ಆಗಲೇ ಕಣಕ ನಾದಿಯಾಗಿತ್ತು. ಆ ಹುಡುಗಿಯನ್ನೂ ಕರೆತಾ, ಬರೀ ಬ್ರೆಡ್ಡು ತಿಂದು ಒಣಗಿಹೋಗಿದ್ದಾಳೆ ಎಂದು ಮಗಳನ್ನು ಮತ್ತೆ ಅಟ್ಟಿದರು. ದಾಕ್ಷಾಯಿಣಿ ಎಲ್ಸ್‌ವರ್ತ್‌ಳನ್ನು ಕರೆದುಕೊಂಡು ಬರುವಷ್ಟರಲ್ಲಿ ಪಾವಲಯ್ಯ ಎಲೆಯ ಮುಂದೆ ಕೂತಿದ್ದರು. ಗುರುಬಸಮ್ಮ ಬಡಿಸುತ್ತ ಹೇಳುತ್ತಿದ್ದರು:

"ಒಬ್ಬಟ್ಟಿನ ಸಾರು ಮಾರನೇ ದಿನಕ್ಕೇ ರುಚಿ ಕಣಯ್ಯ. ನೆನ್ನೆಗಿಂತ ಚೆನ್ನಾಗೈತೆ ನೋಡು."

ಟ್ರಿಯೆಸ್ಟ್ ಒಪ್ಪಂದದ ತಿದ್ದಿದ ಪ್ರತಿಗೆ ಏಳನೆಯ ಅನುಬಂಧವಾಗಿ ಆರು ಹಾಳೆಗಳನ್ನು ಸೇರಿಸಲಾಗಿದೆ. ಎರಡನೆಯದರ ಮಡಿಕೆಗಳಲ್ಲಿ ಬೂದಿಬಣ್ಣದ ಪುಡಿ ಕೂತಿದೆ. ಅದೇನೆಂದು ಒಪ್ಪಂದದಲ್ಲಿ ವಿವರಣೆಯಿಲ್ಲ. ಹಾಳೆಗಳನ್ನು ವಾಪಸು ಕೊಡುತ್ತಾರೋ ಇಲ್ಲವೋ ಎಂದು ಗುರುಬಸಮ್ಮ ಎರಡು ಸಲ ವಿಚಾರಿಸಿ, ಆಮೇಲೆ ಬಿಟ್ಟರು.

ಪಾವಲಯ್ಯ ಮಿಡಿಗೇಶಿಯಲ್ಲಿ ಇನ್ನೂ ಐದು ವರ್ಷ ಇದ್ದರು. ಆ ಐದೂ ವರ್ಷ ಅವರ ಹುಟ್ಟುಹಬ್ಬದ ಒಬ್ಬಟ್ಟನ್ನು ಗುರುಬಸಮ್ಮ ಮಾರ್ಚ್ ಹದಿನೇಳಕ್ಕೇ ಮಾಡಿದರು. ಪಾವಲಯ್ಯ ಕಂದು ಸ್ವೆಟರಿನಲ್ಲಿ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದರು, ಮಾರನೆಯ ದಿನ ಬಿಳಿ ಅಂಗಿ ಹಾಕಿಕೊಂಡು ಸಾರಿಗೆ ಬರುತ್ತಿದ್ದರು.